ಎರೆಮಣ್ಣಿನ ಕುಣಿ

ಗುತ್ತೇದಾರ ಚಿದಾನಂದಪ್ಪ ತಂದು ಅಣ್ಣ ಗಾಳೆಪ್ಪನ ಹೆಣದ ಮೇಲೆ ಹಾಕಿದ್ದ ಹಾರವನ್ನು ಎರ್ರಣ್ಣ ಕಿತ್ತು, ಬಂಡಿಯ ಪಕ್ಕ ಕಟ್ಟಿದ್ದ ಎತ್ತಿನ ಮುಂದೆ ಎಸೆದ. ಎತ್ತು ಒಮ್ಮೆ ಮೂಸಿ, ತಿನ್ನತೊಡಗಿತು.

"ಲೇ, ಅವ್ರು ಇಲ್ಲೇ ನಿಂತಾರ," ಸೋದರಮಾವ ಮೂಕಪ್ಪ ಅವನ ರಟ್ಟೆ ಹಿಡಿದ.

"ನೋಡ್ಲಿ ಅಂತನಾ ಹಾಕೀನಿ ಮಾವ. ಬಳ್ಳಾರಿ ಹೂವು, ಎತ್ತಿಗೂ ರುಚಿ ಗೊತ್ತಾಗ್ಲಿ."

ಚಿದಾನಂದಪ್ಪ ನೋಡಿದರೂ ನೋಡದವನ ಹಾಗೆ ಬೇವಿನ ಮರದ ಕೆಳಗೆ ಕೋಟಿನ ಗುಂಡಿ ತಿರುವುತ್ತ ನಿಂತಿದ್ದ. ಅವನು ಕುರುಗೋಡಿಗೆ ಬಂದದ್ದು ಬರೀ ಅಳಲಿಕ್ಕಲ್ಲ. ಹೊಳೆಯ ನೀರನ್ನು ಬಳ್ಳಾರಿಗೆ ಒಯ್ಯುವ ಪೈಪು ಮೋಕ ಊರಿನ ಎರೆಹೊಲದಲ್ಲಿ ಒಂದಿಷ್ಟು ದೂರ ಬಾಕಿ ಉಳಿದಿತ್ತು. ನೀರು ಬಿಡುವ ದಿನ ಗೊತ್ತಾಗಿತ್ತು, ಮದರಾಸು ಸರಕಾರದ ದೊಡ್ಡವರು ಬರುವವರಿದ್ದರು. ಗಾಳೆಪ್ಪ ಸತ್ತ ಗಳಿಗೆಯಿಂದ ಅವನ ಜೊತೆಯವರು ಯಾರೂ ಸಲಿಕೆ ಮುಟ್ಟಿರಲಿಲ್ಲ.

ಹೆಣದ ಹತ್ತಿರ ಹೆಂಡತಿ ಜಡೆಮ್ಮ ಅತ್ತು ಅತ್ತು ಈಗ ಮಾತಿಗೆ ಇಳಿದಿದ್ದಳು. "ಮನ್ಯಾಗ ಹೂಂ ಅನ್ನಾಕೂ ಬ್ಯಾಸರ ಈ ಮನುಷ್ಯಾಗ. ಮಧ್ಯಾನ ಬುತ್ತಿ ಒಯ್ದ್ರ ಪೈಪಿನ್ಯಾಗ ಮಕ್ಕಂಡು ಹಾಡ್ತಿದ್ದ. ಇದ್ಯಾಕಂದ್ರ, 'ಇದ್ರಾಗ ನನ್ ದನಿ ಚಲೋ ಕೇಳ್ತೈತಿ' ಅಂತಿದ್ದ."

ಒಬ್ಬ ಮುದುಕಿ ಸೆರಗು ಬಾಯಿಗಿಟ್ಟು ನಕ್ಕಳು. ಅದೇ ಸೆರಗಿನಲ್ಲಿ ಅತ್ತಳು.

"ಕುಡಿದು ಬಿದ್ದನಂತಲ್ಲ?" ಸಿರುಗುಪ್ಪದಿಂದ ಬಂದ ನೆಂಟನೊಬ್ಬ ಹಿಂದಿನಿಂದ ಕೇಳಿದ.

ಜಡೆಮ್ಮ ತಲೆ ಎತ್ತಿದಳು. "ಯಾರಂದ್ರು?"

"ಪೊಲೀಸ್ರು ಹಂಗ ಬರ್ಕಂಡಾರಂತ. ಗುತ್ತೇದಾರ್ರ ಹೇಳ್ಯಾರಂತ."

ಹೆಂಡದ ವಾಸನೆ ಬಂದರೆ ಬೇರೆ ಓಣಿ ಸುತ್ತಿ ಬರುತ್ತಿದ್ದ ಅಣ್ಣ. ಎರ್ರಣ್ಣ ಬೇವಿನ ಮರದ ಕಡೆ ನೋಡಿದ. ಈ ಮನುಷ್ಯ ಬಂದ ಹಾಗೇ ವಾಪಸ್ಸು ಹೋಗಬಾರದು.

*

ಗಾಳೆಪ್ಪ ಸತ್ತ ದಿನ, ಹಿಂದಿನ ರಾತ್ರಿಯ ಮಳೆಗೆ ಪೈಪಿನ ಕಾಲುವೆಯ ಗೋಡೆಗಳು ತೊಯ್ದು ಹೊಳೆಯುತ್ತಿದ್ದವು. ಆಳು ಮುಳುಗುವಷ್ಟು ಆಳ. ಮಣ್ಣು ಒಳಕ್ಕೆ ಬೀಳದಿರಲೆಂದು ಎರಡೂ ಕಡೆ ಹಲಗೆ ನಿಲ್ಲಿಸಿ ಅಡ್ಡ ಮರ ಬಿಗಿದಿದ್ದರು.

"ಹಲಗಿ ಕಿತ್ತು ಮುಂದಕ್ಕ ಒಯ್ರಿ," ಎಂದ ದಡದ ಮೇಲಿದ್ದ ಚಿದಾನಂದಪ್ಪ. "ಹೊಸಾವು ತರಿಸಾಕ ಹೊತ್ತಿಲ್ಲ."

"ಪೈಪು ಇನ್ನೂ ಇಳಿಸಿಲ್ಲರಿ ಸಾವ್ಕಾರ್ರ," ಎಂದ ಗಾಳೆಪ್ಪ. "ಮಣ್ಣು ಹಸಿ ಐತಿ."

"ನಿನ್ ಹಾಡು ಪೈಪಿನ್ಯಾಗ ಹಾಡ್ಕ. ಇಳಿ."

ಗಾಳೆಪ್ಪ ಇಳಿದ. ಕಿತ್ತ ಹಲಗೆಗಳನ್ನು ಒಂದೊಂದಾಗಿ ಮೇಲೆ ಕೊಟ್ಟ, ಎರ್ರಣ್ಣ ಎಳೆದುಕೊಂಡ. "ಹಿಡಿಯಲೇ ತಮ್ಮ, ಭಾರ ಐತಿ," ಎಂದದ್ದೇ ಕೊನೆ. ಎರೆಮಣ್ಣು ಹೇಳಿ ಕುಸಿಯುವುದಿಲ್ಲ. ದೊಪ್ ಎಂದಿತು, ಕಾಲುವೆ ಇದ್ದಲ್ಲಿ ಹೊಲ ಇತ್ತು.

ತೋಡಿ ತೆಗೆದಾಗ ಅಣ್ಣನ ಬಾಯಿ ತುಂಬ ಮಣ್ಣು. ಬೆರಳು ಹಾಕಿ ಅದನ್ನು ತೆಗೆದವನು ಎರ್ರಣ್ಣನೇ.

*

ಹೊಲದಲ್ಲಿ ಹೆಣಕ್ಕೆಂದು ತೋಡಿದ್ದ ಕುಣಿ ನೋಡಿ ಮೂಕಪ್ಪ ಬೈದ. "ಕುಣಿ ತೆಗೀರಲೇ ಅಂದ್ರ ಪೈಪಿನ ಕಾಲುವಿ ತೋಡೀರಲ್ಲ."

"ಕೈ ಹಂಗ ಹೋತು ಮಾವ," ಎಂದ ಅಗೆದವರಲ್ಲೊಬ್ಬ. ನೆಟ್ಟಗೆ ನಿಂತ ಗೋಡೆ, ಆಳು ಮುಳುಗುವಷ್ಟು ಆಳ.

ಚಿದಾನಂದಪ್ಪ ಗಂಟಲು ಸರಿಮಾಡಿಕೊಂಡ. "ಆಗಿದ್ದಾತು. ನಾನೂ ನಿಮಗ ತಂದಿ ಇದ್ದಂಗ. ಇವತ್ತು ಮಣ್ಣು ಮುಗ್ಸಿ, ನಾಳಿ ಎಲ್ರೂ ಕೆಲ್ಸಕ್ಕ ಬರ್ರಿ."

"ನಮ್ಮಪ್ಪ ಇಲ್ರಿ," ಎಂದ ಎರ್ರಣ್ಣ. ದನಿ ತಣ್ಣಗಿತ್ತು. "ಮಗ ಸತ್ರ ತಲಿ ಹಿಡಿದು ಕುಣಿಗೆ ಇಳಿಸ್ಕಳ್ಳಾದು ತಂದಿ ಕೆಲ್ಸ. ನೀವಾ ತಂದಿ ಅಂದ್ರಲ್ಲ, ಇಳೀರಿ."

ಚಿದಾನಂದಪ್ಪ ಮೂಕಪ್ಪನ ಮುಖ ನೋಡಿದ. ಮುದುಕ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಾಳಿ ನಮ್ ಹುಡುಗ್ರು ಸಲಿಕಿ ಹಿಡೀಬೇಕಂದ್ರ ಇಳೀಬೇಕಾಗ್ತೈತ್ರಿ."

ಚಿದಾನಂದಪ್ಪ ಕೋಟು, ಬೂಟು ಬಿಚ್ಚಿ ತನ್ನ ಕಾರಿನ ಡ್ರೈವರನ ಕೈಗೆ ಕೊಟ್ಟ. ಇಬ್ಬರು ರಟ್ಟೆ ಹಿಡಿದು ಇಳಿಬಿಟ್ಟರು. ಆಮೇಲೆ ಹೆಣ ಬಂತು. ಕಾಲಿನ ಕಡೆ ಪಂಚೆ ಕಟ್ಟಿ ಜೋತು ಬಿಟ್ಟರು. ತಲೆ ಚಿದಾನಂದಪ್ಪನ ಎದೆಗೆ ಒರಗಿತು. ಅದೇ ಹೊತ್ತಿಗೆ ಗೋಡೆಯಿಂದ ಒಂದು ಹೆಂಟೆ ಕಳಚಿ ಅವನ ಕತ್ತಿನ ಮೇಲೆ ಬಿತ್ತು.

ಎರ್ರಣ್ಣ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. "ಹಲಗಿ ಯಾರು ತೆಗಿಸಿದ್ರು?"

"ಎರ್ರಣ್ಣ, ಮೊದ್ಲು ನನ್ನ ಮ್ಯಾಲಕ್ಕ..."

"ಯಾರು ಕುಡಿದಿದ್ರು?"

ಇನ್ನೊಂದು ಹೆಂಟೆ ಉದುರಿತು. "ಯಾರೂ ಕುಡಿದಿದ್ದಿಲ್ಲಪಾ. ಹಲಗಿ ನಾನಾ ತೆಗಿಸಿದೆ."

"ನಮ್ಮತ್ತಿಗೆಮ್ಮಗ ಕೇಳಿಲ್ಲ. ಸಿರುಗುಪ್ಪದವ್ರಿಗೂ ಕೇಳಿಲ್ಲ."

"ನಾನಾ ತೆಗಿಸಿದೆ," ಕುಣಿಯೊಳಗಿಂದ ಕೂಗು ಬಂತು. "ಬ್ಯಾಡ ಬ್ಯಾಡ ಅಂದ ಅವ. ನಾನಾ ಇಳಿಸಿದೆ."

ಹೇಳಿ ಅವನು ಒಂದು ಕೈ ಮೇಲೆ ಚಾಚಿದ. ಯಾರ ಕೈಯೂ ಕೆಳಗೆ ಬರಲಿಲ್ಲ. ಜಡೆಮ್ಮ ಅಂಚಿಗೆ ಬಂದು ಬಗ್ಗಿದಳು, ಮಣ್ಣು ಹಿಡಿದು ಎದ್ದಳು. ಅವಳ ಹಿಂದೆ ಎಲ್ಲರೂ ಬಗ್ಗಿದರು. ಚಿದಾನಂದಪ್ಪ ಒಂದು ತೋಳಲ್ಲಿ ಗಾಳೆಪ್ಪನ ತಲೆ ಅವುಚಿಕೊಂಡು, ಚಾಚಿದ್ದ ಕೈಯನ್ನು ಮಡಚಿ ತನ್ನ ತಲೆಯ ಮೇಲೆ ಇಟ್ಟುಕೊಂಡ. ಮೇಲೆ, ಸುತ್ತಲೂ, ಆಕಾಶಕ್ಕೆ ಅಡ್ಡವಾಗಿ ಬರೀ ಮುಷ್ಟಿಗಳು. ಬೆರಳ ಸಂದಿಯಿಂದ ಕರಿಮಣ್ಣು ಸಣ್ಣಗೆ ಉದುರುತ್ತಿತ್ತು.