ಮಾತ್ರೆ ಕೆಲಸ ಮಾಡುತ್ತಿದೆ

"ಭೇಷ್! ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿದೆ," ಎಂದು ಡಾಕ್ಟರಮ್ಮ ರಿಪೋರ್ಟನ್ನು ಮೇಜಿನ ಮೇಲಿಟ್ಟಾಗ ದೊಡ್ಡ ಮೇಸ್ತ್ರಿಯ ಮುಖ ಮೊರದಗಲವಾಯಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕ ಮೇಸ್ತ್ರಿ ಮಾತ್ರ, ರಿಪೋರ್ಟು ಯಾರದೋ ಎಂಬಂತೆ, ಗೋಡೆಯ ಮೇಲಿನ ಹೃದಯದ ಚಿತ್ರವನ್ನು ನೋಡುತ್ತಿದ್ದ.

ಅಣ್ಣತಮ್ಮಂದಿರಿಬ್ಬರೂ ಕಾರುಗಳಿಗೆ ಸೀಟು ಹೊಲಿಯುವವರು. ರೆಕ್ಸಿನ್ ಕತ್ತರಿಸುವುದು ದೊಡ್ಡವನ ಕೆಲಸ, ಹೊಲಿಗೆ ಚಿಕ್ಕವನದು, ಸಿಗರೇಟು ಇಬ್ಬರದೂ. ಒಂದೇ ಕಡ್ಡಿ ಗೀರಿ ಇಬ್ಬರೂ ಹಚ್ಚಿಕೊಳ್ಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಚಿಕ್ಕವನು ಎದೆ ಹಿಡಿದುಕೊಂಡು ಹೊಲಿಗೆ ಯಂತ್ರದ ಮೇಲೆಯೇ ಕುಸಿದ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಕೂರಿಸಿದರು, ಅಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ಬರೆದರು, ಸಿಗರೇಟು ಮುಟ್ಟಕೂಡದು ಎಂದರು. ಮಂಚದ ಪಕ್ಕ ನಿಂತಿದ್ದ ದೊಡ್ಡವನು ತನ್ನ ಜೇಬಿನ ಪ್ಯಾಕನ್ನೂ ಹಿಸುಕಿ ಕಸದ ಬುಟ್ಟಿಗೆ ಎಸೆದ. "ನೀನೊಬ್ನೇ ಯಾಕೋ ಬಿಡ್ಬೇಕು? ನಾನೂ ಬಿಟ್ಟೆ, ಹೋಗು," ಎಂದ.

ಹಾಗೆಂದವನು ಪಟ್ಟ ಪಾಡು ಅಷ್ಟಿಷ್ಟಲ್ಲ. ನಿದ್ದೆಯಿಲ್ಲ, ಊಟ ಸೇರದು, ಗಿರಾಕಿಗಳ ಮೇಲೆ ಸಿಡಿಮಿಡಿ. ಅವನ ಹೆಂಡತಿಯಂತೂ, "ಇವರಿಗೆ ಯಾರಾದ್ರೂ ಒಂದು ಹಚ್ಚಿ ಕೊಟ್ಟುಬಿಡ್ರಪ್ಪ," ಎಂದು ಕೈ ಮುಗಿಯುವ ಮಟ್ಟಕ್ಕೆ ಬಂದಿದ್ದಳು. ಆದರೂ ಮಹಾರಾಯ ಒಂದು ದಮ್ಮೂ ಎಳೆಯಲಿಲ್ಲ.

ತಡೆಯಲಾರದೆ ಹೋದವನು ತಮ್ಮ. ಸೀಟು ಹೊಲಿದು ಮುಗಿಸಿದ ಗಾಡಿಯನ್ನು, "ಒಂದು ಸುತ್ತು ನೋಡ್ಕೊಂಡ್ ಬರ್ತೀನಿ," ಎಂದು ಹೊರಗೊಯ್ದು, ಗೋದಾಮುಗಳ ಹಿಂದೆ ನಿಲ್ಲಿಸಿ, ಇಳಿದು ಸೇದಿ ಬರುತ್ತಿದ್ದ. ಫೋಮ್ ಅಂಟಿಸುವ ಸಲ್ಯೂಷನ್ನಿನ ಘಾಟಿನಲ್ಲಿ ಹೊಗೆಯ ವಾಸನೆ ಯಾರ ಮೂಗಿಗೂ ಬೀಳುತ್ತಿರಲಿಲ್ಲ. ಬಂದವನು ಅಣ್ಣನ ಮುಖ ನೋಡಲಾಗದೆ ಬಗ್ಗಿ ಹೊಲಿಯುತ್ತ ಕೂರುತ್ತಿದ್ದ. ನಾಚಿಕೆಯೇನೋ ಆಗುತ್ತಿತ್ತು. ಆದರೆ ನಾಚಿಕೆ ಮರುದಿನದವರೆಗೆ ಬಾಳುತ್ತಿರಲಿಲ್ಲ.

"ಸಿಗರೇಟು ಪೂರ್ತಿ ಬಿಟ್ಟಿದ್ದೀರಲ್ವಾ?" ಡಾಕ್ಟರಮ್ಮ ಕೇಳಿದರು.

"ಬಿಡದೆ ಏನು?" ದೊಡ್ಡವನೇ ಬಾಯಿ ಹಾಕಿದ. "ಇಬ್ರೂ ಒಂದೇ ದಿನ ಬಿಟ್ವಿ ಮೇಡಂ. ನಾನು ಒದ್ದಾಡಿಬಿಟ್ಟೆ. ಇವನು ನೋಡಿ, ಹೂ ಎತ್ತಿದ ಹಾಗೆ ಬಿಟ್ಟ."

"ಹಾಗಾದ್ರೆ ಇದೇ ಮಾತ್ರೆ ಸಾಕು. ಯಾಕೆ ಕೇಳ್ದೆ ಅಂದ್ರೆ, ಸೇದೋರ ಮೈಯಲ್ಲಿ ಈ ಮಾತ್ರೆ ಜಾಸ್ತಿ ಚುರುಕಾಗುತ್ತೆ. ಹಾಗಂತ ಸೇದೋದು ಒಳ್ಳೇದು ಅಂತಲ್ಲ, ಹೊಗೆ ಮಾಡೋ ಹಾನಿ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದ್ರೆ ಕದ್ದು ಸೇದೋರ ರಿಪೋರ್ಟು ಚೆನ್ನಾಗಿ ಕಂಡು ನಮ್ಮನ್ನ ಯಾಮಾರಿಸುತ್ತೆ. ಆಮೇಲೆ ಯಾವತ್ತೋ ಅವರು ಬಿಟ್ಟಾಗ ಮಾತ್ರೆ ಸಪ್ಪೆಯಾಗಿ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಬಿಡಲೇಬೇಕು, ಆದ್ರೆ ನಮಗೆ ಹೇಳಿ ಬಿಡ್ಬೇಕು. ಬೇರೆ ಮಾತ್ರೆ ಇದಾವೆ, ಬದಲಾಯಿಸಿ ಕೊಡ್ತೀವಿ."

ಚಿಕ್ಕವನು ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಅಣ್ಣ ಅವನ ಕಡೆ ತಿರುಗಿ ಹೆಮ್ಮೆಯಿಂದ ನಕ್ಕ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಇವತ್ತೇ ಬಿಟ್ಟುಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ ಚಿಕ್ಕವನು. ಹಿಂದೆಯೂ ಎಷ್ಟೋ ಸಲ ಹಾಗೆ ಅಂದುಕೊಂಡು ನೆಮ್ಮದಿಪಟ್ಟಿದ್ದ. ಇವತ್ತು ಆ ದಾರಿಯೂ ಮುಚ್ಚಿತ್ತು. ಸೇದಿದರೆ ಎದೆ ಕೆಡುತ್ತದೆ, ಸದ್ದಿಲ್ಲದೆ ಬಿಟ್ಟರೆ ಮಾತ್ರೆ ಕೈ ಕೊಡುತ್ತದೆ. ಉಳಿದದ್ದು ಬಾಯಿ ಬಿಡುವುದೊಂದೇ.

"ನಿಜ ಹೇಳ್ಲಾ?" ಅಣ್ಣ ದನಿ ತಗ್ಗಿಸಿದ. "ಎಷ್ಟೋ ಸಲ ಒಂದು ಸೇದೇಬಿಡೋಣ ಅಂತ ಬಾಗಿಲವರೆಗೂ ಹೋಗಿದೀನಿ ಕಣೋ. ನೀನು ಬಗ್ಗಿ ಹೊಲೀತಾ ಕೂತಿರೋದು ಕಾಣ್ತಿತ್ತು. ಸಾಯೋ ಹಾಗಿದ್ದೋನೇ ಬಿಟ್ಟಿದಾನೆ, ನನಗೇನು ಧಾಡಿ ಅಂತ ವಾಪಸ್ ಬಂದುಬಿಡ್ತಿದ್ದೆ."

ಚಿಕ್ಕವನು ಎದ್ದು ನಿಂತ. "ಡಾಕ್ಟರ ಹತ್ರ ಒಂದು ಮಾತು ಕೇಳ್ಬೇಕು."

"ನಡಿ," ಎಂದು ಅಣ್ಣನೂ ಎದ್ದ.

ಒಳಗೆ ಅಣ್ಣನೇ ಕುರ್ಚಿ ಎಳೆದು ಕೂರಿಸಿದ. "ಹೇಳೋ. ಎದೆ ಏನಾದ್ರೂ ನೋಯ್ತಿದೆಯಾ?"

"ಇಲ್ಲ." ಚಿಕ್ಕವನು ಅಣ್ಣನತ್ತ ತಿರುಗಿದ. "ಅಣ್ಣ, ನೀನು ಸ್ವಲ್ಪ ಹೊರಗಿರು."

ಇಷ್ಟು ವರ್ಷಗಳಲ್ಲಿ ಅಂಥ ಮಾತನ್ನು ಅವನು ಅಣ್ಣನಿಗೆ ಆಡಿದವನೇ ಅಲ್ಲ.

"ನಾನಾ?" ಅಣ್ಣ ನಕ್ಕ. "ನನ್ನೆದುರಿಗೆ ಹೇಳಬಾರದ್ದು ನಿಂಗೇನಿದೆಯೋ..." ಮಾತು ಅರ್ಧಕ್ಕೇ ನಿಂತಿತು. ನಗು ಇನ್ನೂ ತುಟಿಯ ಮೇಲಿರುವಾಗಲೇ ಅವನು ತಮ್ಮನ ಮುಖವನ್ನು ನೋಡಿದ, ಆಮೇಲೆ ಡಾಕ್ಟರಮ್ಮನ ಮುಖವನ್ನು. ಕುರ್ಚಿಯ ಬೆನ್ನು ಹಿಡಿದಿದ್ದ ಕೈಯನ್ನು ತೆಗೆದ. ಹೊರಗೆ ಹೋಗಿ, ಸದ್ದಾಗದಂತೆ ಬಾಗಿಲು ಮುಂದಕ್ಕೆ ಎಳೆದುಕೊಂಡ.

"ಹೇಳಿ," ಎಂದರು ಡಾಕ್ಟರಮ್ಮ.

ಬಾಗಿಲಿನ ಮಬ್ಬು ಗಾಜಿನಲ್ಲಿ ಅಣ್ಣನ ಆಕಾರ ಕಾಣುತ್ತಿತ್ತು. ಬೆಂಚು ಖಾಲಿಯೇ ಇತ್ತು, ಆದರೂ ಅವನು ಕೂತಿರಲಿಲ್ಲ.