ಕೈಗಂಟದ ಹೊಳಪು

ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ವಾಟರ್ ಸರ್ವೀಸ್ ಇದೆ. ಕಾರು ತೊಳೆಯುವುದು ನಾನು, ಉಷಾರಾಣಿ. ಮೋಟಾರು ಹಾಕುವುದು, ಬಂದವರ ಜೊತೆ ಹರಟೆ ಹೊಡೆಯುವುದು ನಮ್ಮ ಯಜಮಾನರು ಧರ್ಮೇಶ್. ಹೋದ ಆಯುಧಪೂಜೆಯ ತನಕ ಊರಿನವರು ನನ್ನನ್ನು ಬರೀ ಉಷಾ ಅನ್ನುತ್ತಿದ್ದರು. ಆಮೇಲೆ ಕೊಬ್ಬರಿ ಎಣ್ಣೆ ಉಷಾ ಆದೆ.

ಎಣ್ಣೆ ಹಚ್ಚಿದ್ದು ಇವರು, ಹೆಸರು ಬಂದದ್ದು ನನಗೆ. ಇವರ ಊರು ಅರಸೀಕೆರೆ ಕಡೆಯ ಗಂಡಸಿ. ತಲೆಗೆ, ಬಾಗಿಲ ಕೀಲಿಗೆ, ಎತ್ತಿನ ಕೊಂಬಿಗೆ, ಎಲ್ಲಕ್ಕೂ ಮನೆಯ ಕೊಬ್ಬರಿ ಎಣ್ಣೆಯನ್ನೇ ಹಚ್ಚಿ ಬೆಳೆದ ಮನುಷ್ಯ. ಹಬ್ಬದ ದಿನ ಮಾದಿಹಳ್ಳಿ ಕೃಷ್ಣಪ್ಪನವರ ಬಿಳಿ ಕಾರು ಬಂದಾಗ ನಾಲ್ಕು ಟೈರಿಗೂ ಅದನ್ನೇ ಬಳಿದರು. ಟೈರೇನೋ ಮಿರಮಿರ ಮಿಂಚಿತು. ಆದರೆ ಕೃಷ್ಣಪ್ಪನವರ ಹೆಂಡತಿ ರಂಗಮ್ಮನವರು ಗಾಡಿಪೂಜೆಯಲ್ಲಿ ಒಂದೊಂದು ಚಕ್ರವನ್ನೂ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಳ್ಳುವವರು. ಪೂಜೆ ಮುಗಿಯುವ ಹೊತ್ತಿಗೆ ಅವರ ಕಣ್ಣಿನ ಸುತ್ತ ಎಣ್ಣೆಮಸಿ, ಕೆನೆಬಣ್ಣದ ಸೀರೆಯ ಮೇಲೂ ಮಸಿ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಂದಿನಿಂದ ನಾನು ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ತರಕಾರಿಗೆ ಹೋದರೂ, "ಟೈರಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸ್ತೀಯೇನವ್ವ?" ಎಂದು ಕೇಳುವವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಅದೇ ಕೃಷ್ಣಪ್ಪನವರ ಮಗಳು ನಂದಿತಾಳ ಮದುವೆ, ಹಳೇಬೀಡಿನ ಛತ್ರದಲ್ಲಿ. ಮದುಮಗಳ ಕಾರನ್ನು ಉಷಕ್ಕನೇ ತೊಳೆಯಬೇಕು ಎಂದು ಆ ಹುಡುಗಿ ಹಟ ಹಿಡಿದಿದ್ದಳು. ಅದಕ್ಕೇ ರಂಗಮ್ಮನವರು ಖುದ್ದಾಗಿ ನಮ್ಮಲ್ಲಿಗೆ ಬಂದರು. ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ.

"ಮಗಳ ಮಾತು ಮೀರಾಕಾಗಲ್ಲ ಅಂತ ಕೊಡ್ತಾ ಇವ್ನಿ. ಟೈರು ಹೊಸದರಂಗೆ ಕಾಣಬೇಕು. ಬೀಗರ ಮುಂದೆ ನನ್ನ ಕೈಗೆ ಚೂರು ಮಸಿ ಅಂಟಿದ್ರೂ, ಈ ಸುತ್ತಿನ ಒಂದು ಗಾಡಿನೂ ನಿನ್ನ ಹತ್ರ ಬರದಂಗೆ ಮಾಡ್ತೀನಿ."

ಮಾಡಿಯೇ ತೀರುವ ಹೆಂಗಸು ಅವರು. ಮಾರನೇ ದಿನವೇ ನಾನು ಅರಸೀಕೆರೆಯ ಬಸ್ಸು ಹತ್ತಿದೆ.

ಅಲ್ಲಿ ಬಿಡಿಭಾಗಗಳ ಅಂಗಡಿಯ ತಮ್ಮಯ್ಯನವರು ಮೊದಲು ತೆಗೆದದ್ದು ಒಂದು ದೊಡ್ಡ ಕ್ಯಾನು. ಮುಚ್ಚಳ ಬಿಚ್ಚಿದರೆ ಸೀಮೆಎಣ್ಣೆಯ ಘಾಟು.

"ಎಲ್ಲಾರೂ ಒಯ್ಯೋದು ಇದನ್ನೇ ಕಣಮ್ಮ. ಹಚ್ಚಿದ್ರೆ ಟೈರಲ್ಲಿ ಮುಖ ನೋಡ್ಕೋಬೋದು."

"ಮುಖ ನೋಡ್ಕೊಳ್ಳಾಕೆ ಮನೇಲಿ ಕನ್ನಡಿ ಐತೆ. ನನಗೆ ಕೈಗೆ ಅಂಟಬಾರದು, ಬಾಗಿಲಿಗೆ ಸಿಡೀಬಾರದು."

ತಮ್ಮಯ್ಯನವರು ಗೊಣಗುತ್ತಲೇ ಒಳಗೆ ಹೋಗಿ ಧೂಳು ಹಿಡಿದ ಬಾಟಲಿಯೊಂದನ್ನು ತಂದರು. ಒಳಗಿನ ದ್ರವ ಹಾಲಿನಷ್ಟು ಬಿಳಿ. ನೀರಲ್ಲಿ ಬೆರೆಯುವಂಥದ್ದು, ಒಣಗಿದರೆ ಜಿಡ್ಡಿರುವುದಿಲ್ಲ, ಆದರೆ ಮಿಂಚುವುದಿಲ್ಲವೆಂದು ಯಾರೂ ಕೇಳುವುದಿಲ್ಲ ಎಂದರು. ನಾನು ಎರಡನ್ನೂ ತಂದೆ. ಅಂಗಡಿಯವರ ಬಾಯಿಮಾತು ನಂಬಿ ರಂಗಮ್ಮನವರ ಮುಂದೆ ನಿಲ್ಲಲು ನನಗೇನು ತಲೆ ಕೆಟ್ಟಿದೆಯೇ.

ನಮ್ಮ ಹಳೇ ಕಾರಿನ ಎಡಗಡೆ ಟೈರುಗಳಿಗೆ ಕ್ಯಾನಿನದು, ಬಲಗಡೆಯವಕ್ಕೆ ಬಾಟಲಿಯದು ಹಚ್ಚಿದೆ. ಯಜಮಾನರ ಬಿಳಿ ಪಂಚೆಯೊಂದನ್ನು ಹರಿದು ಸಿಡಿದರೆ ಗೊತ್ತಾಗಲಿ ಎಂದು ಚಕ್ರಗಳ ಹಿಂದೆ ಗಾಡಿಯ ಮೈಗೆ ಎರಡೂ ಕಡೆ ಬಿಗಿಯಾಗಿ ಅಂಟಿಸಿದೆ.

"ನನ್ನ ಮದುವೆ ಪಂಚೆ ಕಣೇ ಅದು," ಎಂದರು.

"ಮದುವೆ ಕೆಲಸಕ್ಕೇ ಹಾಕ್ತಾ ಇದೀನಿ, ಸುಮ್ನಿರಿ."

ಬೇಲೂರಿನ ತನಕ ಹೋಗಿ ಬಂದೆವು. ಎಡಗಡೆಯ ಬಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಹನಿಗಳು, ಟೈರಿಗೆ ರಸ್ತೆಯ ಧೂಳೆಲ್ಲ ಮೆತ್ತಿಕೊಂಡಿತ್ತು. ಬಲಗಡೆಯ ಬಟ್ಟೆ ಹಾಕಿದ ಹಾಗೇ ಇತ್ತು. ಟೈರು ಮಿಂಚುತ್ತಿರಲಿಲ್ಲ ನಿಜ, ಆದರೆ ಈಗಷ್ಟೇ ಅಂಗಡಿಯಿಂದ ಬಂದ ಹಾಗೆ ಕರ್ರಗೆ, ಲಕ್ಷಣವಾಗಿತ್ತು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಮದುವೆಯ ಹಿಂದಿನ ದಿನ ಕೃಷ್ಣಪ್ಪನವರ ಕಾರು ಬಂತು. ಟೈರಿನ ಕೊಳೆ ಹೋಗದೆ ಏನು ಹಚ್ಚಿದರೂ ದಂಡ. ಸೋಪಿನ ನೊರೆ ಕಂದು ಬಣ್ಣ ಬಿಟ್ಟು ಬೆಳ್ಳಗಾಗುವ ತನಕ ಬ್ರಷ್ಷಿನಿಂದ ತಿಕ್ಕಿದೆ. ಪೂರ್ತಿ ಒಣಗಿಸಿ, ಸ್ಪಂಜಿಗೆ ಬಾಟಲಿಯದನ್ನು ಒಂದಿಷ್ಟೇ ಹಾಕಿಕೊಂಡು ತೆಳ್ಳಗೆ ಸವರಿ, ಹೀರಿಕೊಂಡ ಮೇಲೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆದೆ. ರಸ್ತೆಗೆ ತಾಗುವ ಭಾಗಕ್ಕೆ ಮಾತ್ರ ಹನಿಯೂ ಸೋಕಿಸಲಿಲ್ಲ, ಗಾಡಿ ಜಾರಬಾರದಲ್ಲ.

ಬೆಳಿಗ್ಗೆ ಎದ್ದು ಬಂದು ನೋಡಿದರೆ ನಮ್ಮ ಯಜಮಾನರು ಬಲಗಡೆ ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಆ ಸೀಮೆಎಣ್ಣೆ ವಾಸನೆಯ ಕ್ಯಾನು.

"ಮದುವೆ ಗಾಡಿ ಕಣೇ, ತೀರಾ ಸಪ್ಪೆ ಕಾಣ್ತಿತ್ತು. ಮೇಲೊಂದು ಕೈ ಹಚ್ಚಿದೆ ಅಷ್ಟೆ," ಎಂದರು.

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಆ ಚಕ್ರವನ್ನು ಮತ್ತೆ ಸೋಪು ಹಾಕಿ ತಿಕ್ಕಿದೆ. ಜಿಡ್ಡು ಬಿಡಲಿಲ್ಲ, ಮತ್ತೆ ತಿಕ್ಕಿದೆ. ಮಾದಿಹಳ್ಳಿಯಿಂದ ಫೋನ್ ಮೇಲೆ ಫೋನು. ಕೊನೆಗೆ ನನ್ನ ಕೂದಲು ಒಣಗಿಸುವ ಮಿಷನ್ನು ತಂದು ಟೈರಿಗೆ ಬಿಸಿಗಾಳಿ ಹಿಡಿದೆ. ಮತ್ತೆ ಸವರಿ, ಒರೆಸಿ, ಹೊರಟೇಬಿಟ್ಟೆವು. ಆ ಚಕ್ರ ಸರಿಯಾಗಿ ಒಣಗಿದೆಯೋ ಇಲ್ಲವೋ ನೋಡಲೂ ಪುರುಸೊತ್ತಿರಲಿಲ್ಲ.

ಮಾದಿಹಳ್ಳಿಯ ಮನೆ ಮುಂದೆ ಬೀಗರು, ನೆಂಟರು, ಓಲಗದವರು ಎಲ್ಲ ಸೇರಿದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಗಾಡಿಗೆ ಆರತಿ ಎತ್ತಿದ್ದಾಯಿತು. ಕೆನೆಬಣ್ಣದ ಹೊಸ ರೇಷ್ಮೆ ಸೀರೆ ಉಟ್ಟ ರಂಗಮ್ಮನವರು ಮುಂದಿನ ಚಕ್ರಕ್ಕೆ ಬಗ್ಗಿದರು. ಮುಟ್ಟಿದರು, ಅಂಗೈ ನೋಡಿಕೊಂಡರು, ಕಣ್ಣಿಗೆ ಒತ್ತಿಕೊಂಡರು. ಎರಡನೆಯದಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ. ಬಲಗಡೆ ಹಿಂದಿನ ಚಕ್ರದ ಹತ್ತಿರ ನಿಂತು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಕೈಯಿಂದ ಮುಟ್ಟಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಆ ಟೈರಿನ ಮೇಲೆ ಒತ್ತಿ ಎಳೆದರು.

ಸೆರಗಿಗೆ ಚೂರೂ ಮಸಿ ಅಂಟಿರಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎರಡೂ ಕೈಯಿಂದ ಚಕ್ರ ಮುಟ್ಟಿ, ಕಣ್ಣಿಗೊತ್ತಿಕೊಂಡು ಎದ್ದರು. ಓಲಗದವರೂ ಊದುವುದನ್ನು ನಿಲ್ಲಿಸಿದ್ದರು.

"ಉಷಾ, ಬಾ ಇಲ್ಲಿ. ಮುಂದಿನ ಸೀಟಲ್ಲಿ ಕೂತ್ಕೋ. ಗಾಡಿ ಸಿಂಗಾರ ಮಾಡಿದ್ದು ಯಾರು ಅಂತ ಛತ್ರದಲ್ಲಿ ಕೇಳ್ತಾರೆ, ತೋರ್ಸಾಕೆ ನೀನಿರಬೇಕು," ಎಂದರು ರಂಗಮ್ಮನವರು.

ಎಷ್ಟೋ ಮದುವೆ ಗಾಡಿ ತೊಳೆದಿದ್ದೇನೆ, ಒಂದರಲ್ಲೂ ಕೂತವಳಲ್ಲ. ಹಿಂದಿನ ಸೀಟಿನಲ್ಲಿದ್ದ ನಂದಿತಾ ನನ್ನ ಭುಜ ಹಿಡಿದು ಅದುಮಿದಳು. ಜೊತೆಗೆ ಹತ್ತಲು ಬಂದ ಯಜಮಾನರಿಗೆ ಬಸ್ಸಿನಲ್ಲಿ ಬನ್ನಿ ಎಂದೆ. ಬೆಲ್ಟು ಹಾಕಿಕೊಂಡು, ಕಿಟಕಿಯ ಗಾಜು ಪೂರ್ತಿ ಇಳಿಸಿದೆ. ಹಳೇಬೀಡಿನ ಬಸ್ ಸ್ಟ್ಯಾಂಡು ಕಾಣುತ್ತಲೇ ಗಾಡಿ ಓಡಿಸುತ್ತಿದ್ದವನಿಗೆ, "ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗಪ್ಪ," ಎಂದೆ.