ಅಳಿವಿನ ಮನೆ ಸ್ಟಾಪು

ಚಾಮರಾಜನಗರಕ್ಕೆ ಡಾರ್ವಿನ್ನನನ್ನು ಕರೆತಂದವನು ನಾನೇ. ಬೇಕಾದರೆ ಬರೆದಿಟ್ಟುಕೊಳ್ಳಿ. ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಮೈಸೂರಿನ ಕಾಲೇಜು ಬಿಟ್ಟು (ಕಾಲೇಜೇ ನನ್ನನ್ನು ಬಿಟ್ಟಿತು ಅನ್ನುವವರು ಹೊಟ್ಟೆಕಿಚ್ಚಿನವರು) ರೈಲಿಳಿದಾಗ ಟ್ರಂಕಿನಲ್ಲಿ ಎರಡು ಪಂಚೆ, ತಲೆಯಲ್ಲಿ ಇಡೀ ಜೀವವಿಕಾಸ. ಪ್ಲಾಟ್‌ಫಾರಮ್ಮಿನಲ್ಲಿದ್ದ ಅರಿಸಿನದ ಮೂಟೆ ಹತ್ತಿ ಮಂಗನಿಂದ ಮನುಷ್ಯನವರೆಗೆ ಭಾಷಣ ಮಾಡಿದೆ. ಸ್ಟೇಷನ್ ಮಾಸ್ಟರು ಬಾಯಿ ಬಿಟ್ಟುಕೊಂಡು ಕೇಳುತ್ತ ಹಸಿರು ಬಾವುಟವನ್ನೇ ಮರೆತು, ರೈಲು ಒಂದು ಗಂಟೆ ತಡವಾಗಿ ಹೊರಟಿತು. ಒಂದು ಗಂಟೆ ಜಾಸ್ತಿಯಾಯಿತು ಅನ್ನಿಸಿದರೆ ಹತ್ತು ನಿಮಿಷ ಅಂತಿಟ್ಟುಕೊಳ್ಳಿ.

ಆ ಸಾಹೇಬರ ಪುಸ್ತಕವನ್ನು ನಾನು ಮುಟ್ಟಿರಲಿಲ್ಲ. ಬೇರೆ ತರಗತಿಯಲ್ಲಿ ಮೇಷ್ಟರು ಪಾಠ ಮಾಡುವಾಗ ಕಿಟಕಿಯಾಚೆ ನಿಂತು ಅರ್ಧ ಗಂಟೆ ಕೇಳಿದ್ದೆ. ಬಲವಿದ್ದದ್ದು ಉಳಿಯುತ್ತದೆ, ಇಲ್ಲದ್ದು ಅಳಿಯುತ್ತದೆ ಅನ್ನುವವರೆಗೆ ಕೇಳಿಸಿತು. ಅಷ್ಟರಲ್ಲಿ ದೋಸೆಯ ನೆನಪಾಗಿ ಹೋಟೆಲಿಗೆ ಹೊರಟುಬಿಟ್ಟೆ. ಉಳಿದರ್ಧ ಗಂಟೆಯಲ್ಲಿ ಅವರು ಏನು ಹೇಳಿದರೋ ಈಗಲೂ ಗೊತ್ತಿಲ್ಲ.

ಗುಂಡ್ಲುಪೇಟೆಯಲ್ಲಿ ನನ್ನ ದೂರದ ಮಾವ ಮರಿಮಲ್ಲಪ್ಪನವರು ರೇಷ್ಮೆ ಬೆಳೆಗಾರರ ಸಂಘ ಕಟ್ಟಿದ್ದರು. ಇಂಗ್ಲಿಷು ಬಲ್ಲವನೊಬ್ಬ ಇರಲಿ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಸಂಘಕ್ಕೆ ಸರ್ಕಾರದಿಂದ ಹಾಳೆ, ಅಂದರೆ ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟ ಕಾಗದ, ಬರುತ್ತಿತ್ತು. ಅದು ಇಪ್ಪತ್ತು ಮನೆಗೆ ಸಾಲುವಷ್ಟು, ಕೇಳುವ ಮನೆ ಇಪ್ಪತ್ತಮೂರು. ಹಂಚುವುದಕ್ಕೆ ಮಾವನವರದ್ದು ಒಂದೇ ಕ್ರಮ: ಹಿಂದಿನ ಬೆಳೆ ಯಾರದು ಕೆಟ್ಟಿದೆಯೋ ಅವರಿಗೆ ಮೊದಲ ಹಾಳೆ.

ಹುಳು ಸಾಕುವುದನ್ನು ನೋಡಿ ಕಲಿಯಲು ನಾನು ಹೋದದ್ದು ಹಂಗಳದ ಸಣ್ಣಮ್ಮನ ಮನೆಗೆ. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಕಾಡಿನ ಕಡೆಗೆ ಅರ್ಧ ಎಕರೆ ಹಿಪ್ಪುನೇರಳೆ, ಒಂದು ಪಡಸಾಲೆ, ಹತ್ತು ಬಿದಿರು ತಟ್ಟೆ. ಆ ತಾಲ್ಲೂಕಿನಲ್ಲಿ ಅವಳ ಕೈಗೆ ಸಮನಾದ ಕೈ ಇರಲಿಲ್ಲ. ಇದು ನನ್ನ ಉತ್ಪ್ರೇಕ್ಷೆಯಲ್ಲ. ಹುಳು ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಎಲ್ಲ ಹುಳು ಜ್ವರದಿಂದೆದ್ದು ಸೊಪ್ಪಿಗೆ ಬಾಯಿ ಹಾಕುವಾಗ ಕೆಲವು ಎದ್ದಿರುವುದಿಲ್ಲ. ಅವನ್ನು ಅವಳು ಚಕಚಕನೆ ಹೆಕ್ಕಿ ದೂರದ ಗುಂಡಿಗೆ ಹಾಕಿ ಸುಣ್ಣ ಚೆಲ್ಲುತ್ತಿದ್ದಳು.

"ಪಾಪ ಅನ್ಸಲ್ವಾ ಸಣ್ಣಮ್ಮ?"

"ಪಾಪ ಅಂದ್ಕಂಡು ಕುಂತ್ರೆ ತಟ್ಟೆನೇ ಓಯ್ತದೆ ಕಣ ಬುದ್ದಿ. ಸೊಪ್ಪು ಎರ್ಚಿ, ಬಾಯ್ ಆಮೇಲಾಡ್ಸಿ."

ನನಗೆ ಮೈ ಜುಮ್ಮೆಂದಿತು. ಸೀಮೆಯ ಸಾಹೇಬರು ಹಡಗು ಹತ್ತಿ ಲೋಕ ಸುತ್ತಿ ಕಂಡದ್ದನ್ನು ನಾನು ಹಂಗಳದ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಂಡೆ!

ಮುಂದಿನ ಸಭೆಯಲ್ಲಿ ಮೂರು ಗಂಟೆ ಮಾತಾಡಿದೆ. ಇಂಗ್ಲಿಷಿನ ಹನ್ನೊಂದು ಮಾತು ಬಳಸಿದೆ. ಅದರಲ್ಲಿ ನಾಲ್ಕರ ಅರ್ಥ ನನಗೂ ಗೊತ್ತಿರಲಿಲ್ಲ. ಹುಳುವಿನ ನ್ಯಾಯವೇ ಸಮಾಜದ ನ್ಯಾಯ, ಕೆಟ್ಟ ಬೆಳೆಯವರಿಗೆ ಹಾಳೆ ಕೊಡುವುದೆಂದರೆ ಏಳದ ಹುಳುವಿಗೆ ಸೊಪ್ಪು ಹಾಕಿದಂತೆ ಎಂದೆ. ಮರಿಮಲ್ಲಪ್ಪನವರು ಎಲೆಅಡಿಕೆ ಉಗಿದು ಬಂದು ಕೇಳಿದರು, "ಏನ್ಲಾ ಗಂಗಾಧರ, ಬೆಳೆ ಕೆಟ್ಟೋನ್ಗೆ ಅಲ್ದೆ ಗೆದ್ದೋನ್ಗ್ಯಾಕ್ಲಾ ಸಂಘ?"

"ಇದು ವಿಜ್ಞಾನ, ಮಾವ."

"ಆಗ್ಲಿ ಬುಡು. ಓದ್ದೋನು ನೀನು."

ಅವರು ಅಷ್ಟು ಸುಲಭವಾಗಿ ಬಿಡಬಾರದಿತ್ತು. ಎರಡು ಪಟ್ಟಿ ದಪ್ಪಕ್ಷರದಲ್ಲಿ ಬರೆದು ಸಂಘದ ಗೋಡೆಗೆ ಅಂಟಿಸಿದೆ. ಒಂದು 'ಉಳಿವಿನ ಮನೆಗಳು', ಅದರಲ್ಲಿ ಇಪ್ಪತ್ತು ಹೆಸರು. ಇನ್ನೊಂದು 'ಅಳಿವಿನ ಮನೆಗಳು', ಅದರಲ್ಲಿ ಮೂರು. ಹಿಂದಿನ ಬೆಳೆಯ ಲೆಕ್ಕದಂತೆ ಕಟ್ಟುನಿಟ್ಟಾಗಿ ವಿಂಗಡಿಸಿದ್ದೆ. ಆ ಮೂರರಲ್ಲಿ ಮೊದಲ ಹೆಸರು ಸಣ್ಣಮ್ಮನದು. ಹುಳು ನಾಲ್ಕನೇ ಜ್ವರದಲ್ಲಿದ್ದಾಗ ಅವಳಿಗೆ ಕಾಡಿನ ಚಳಿಜ್ವರ ಬಂದು ಒಂಬತ್ತು ದಿನ ಮಲಗಿದ್ದಳು, ಸೊಪ್ಪು ಹಾಕುವವರಿಲ್ಲದೆ ತಟ್ಟೆಗಳೆಲ್ಲ ಕೆಟ್ಟಿದ್ದವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ವಿಜ್ಞಾನದಲ್ಲಿ ಮುಖ ನೋಡಬಾರದು ಎಂದುಕೊಂಡು ಎದೆಯುಬ್ಬಿಸಿದೆ.

ಮೊಟ್ಟೆಯ ಹಾಳೆ ಹಂಚುವ ದಿನ ಅವಳು ಹಂಗಳದಿಂದ ನಡೆದೇ ಬಂದಳು. ತೊಳೆದು ಒಣಗಿಸಿದ ಬಟ್ಟೆಯೊಂದನ್ನು ಮಡಿಚಿ ತಂದಿದ್ದಳು, ಮೊಟ್ಟೆಗೆ ದಾರಿಯ ಬಿಸಿಲು ತಾಗಬಾರದು ಎಂದು. ಓದು ಬಾರದು. ಗೋಡೆಯ ಮುಂದೆ ನಿಂತು ಕೇಳಿದಳು:

"ನನ್ನೆಸ್ರು ಎಲ್ಲದೆ ಬುದ್ದಿ?"

ರೈಲು ನಿಲ್ಲಿಸಿದ ನಾಲಿಗೆ ನನ್ನದು. ಅವತ್ತು ಏಳಲಿಲ್ಲ. ಬೆರಳು ತೋರಿಸಿದೆ.

"ಮೊದ್ಲೇ ಅದೆಯಲ್ಲ! ಮೇಲ್ಗಡೆ ದಪ್ಪುಕ್ಕೆ ಏನ್ ಬರ್ದಿದ್ದರಿ, ಓದ್ಬುಡಿ."

ಓದಿದೆ. ಹಾಳೆ ಪಡೆಯಲು ಕೂತಿದ್ದವರಲ್ಲಿ ಒಬ್ಬ ಕಿಸಕ್ಕೆಂದ. ಅವಳು ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಿಚಿದಳು.

"ಅಳಿಯಾದು ಯಾವತ್ತು ಅಂತ್ಲೂ ಬರ್ದಿದ್ದರಾ?"

"ಹಂಗಲ್ಲ ಸಣ್ಣಮ್ಮ, ನೀನೇ ತೋರಿಸಿದ್ದು... ಏಳದ ಹುಳು..."

"ಅಯ್ಯೋ ನಿಮ್ ಓದ್ಗೆ," ಅಂದಳು. ದನಿ ಏರಿಸಲೂ ಇಲ್ಲ. "ಏಳ್ದಿರೋ ಹುಳ ನಾನ್ ಯಾಕ್ ಎಸಿತೀನಿ? ಅದ್ರ ರೋಗ ಮಿಕ್ಕ ಹುಳುಕ್ಕೆ ಅಂಟ್ಕತದೆ ಅಂತ. ನನ್ನಿಂದ ಯಾರ್ಗೆ ಏನ್ ಅಂಟ್ತದೆ ಬುದ್ದಿ? ನಾನ್ ಎದ್ದು ಒಂದ್ ತಿಂಗ್ಳಾಯ್ತು."

ಆ ಕಿಟಕಿಯಾಚೆ ನನಗೆ ಕೇಳಿಸದೆ ಹೋದ ಅರ್ಧ ಗಂಟೆಯ ಪಾಠ ಇದೇ ಇದ್ದರೂ ಇರಬಹುದು. ಎದ್ದು ಗೋಡೆಯ ಪಟ್ಟಿ ಹರಿದುಹಾಕಿ ಅವಳ ಮರ್ಯಾದೆಯನ್ನಾದರೂ ಉಳಿಸಬಹುದಿತ್ತು. ಇಪ್ಪತ್ತು ಜನ ನೋಡುತ್ತಿದ್ದರು. ಕಾರ್ಯದರ್ಶಿ ತಪ್ಪಿದ ಅನ್ನಿಸಿಕೊಳ್ಳಲು ಮನಸ್ಸಾಗದೆ ಕನ್ನಡಕ ಒರೆಸಿಕೊಂಡೆ. ಕಣ್ಣು ಆಗ ಚೆನ್ನಾಗೇ ಇತ್ತು, ಕನ್ನಡಕ ಗತ್ತಿಗೆ ಹಾಕಿದ್ದು. ತಲೆಯೆತ್ತುವಷ್ಟರಲ್ಲಿ ಅವಳು ಹೋಗಿದ್ದಳು.

ಹದಿನೈದು ದಿನ ನಿದ್ದೆ ಕೆಡಿಸಿಕೊಂಡು, ಮೈಸೂರಿನವರೆಗೂ ಹೋಗಿ ಕಾಡಿಬೇಡಿ ಒಂದು ಹಾಳೆ ಮೊಟ್ಟೆ ತಂದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟಿ ಬಸ್ಸು ಹತ್ತಿ ಹಂಗಳದ ಆಚೆ ಇಳಿದರೆ, ಮನೆಗೆ ಬೀಗ. ಪಕ್ಕದ ಹೊಲದಲ್ಲಿದ್ದ ಬೆಟ್ಟಯ್ಯ ಎಮ್ಮೆ ಹೊಡೆಯುವುದನ್ನು ನಿಲ್ಲಿಸಿ ಹೇಳಿದ:

"ನೀಲಗಿರಿ ಕಡೆ ಟೀ ತೋಟಕ್ಕೆ ಹೊಂಟೋದ್ಲು. ಸೊಪ್ಪು ಬುಡ್ಸಾಕ್ ಹೋದ್ರೂ ಐಕ್ಳು ಅಳಿವಿನ್ ಮನೆ, ಅಳಿವಿನ್ ಮನೆ ಅಂತ ಕೂಗವು. ಅದ್ಯಾವ ದೊಡ್ಡ ಮನ್ಸ ಹೆಸರಿಟ್ನೋ, ನಿಮ್ಗೇನಾರ ಗೊತ್ತಾ ಸ್ವಾಮಿ?"

ಗೊತ್ತಿಲ್ಲ ಅಂದೆ.

ಮೊಟ್ಟೆ ದಾರಿಯಲ್ಲೇ ಒಡೆದು ಮರಿಹುಳು ಹೊರಬರತೊಡಗಿದ್ದವು. ಎಸೆಯಲು ಕೈ ಬರಲಿಲ್ಲ. ಅವಳ ತೋಟದ ಎಳೆ ಸೊಪ್ಪು ಕೊಯ್ದು ಒಯ್ದು, ಗುಂಡ್ಲುಪೇಟೆಯ ನನ್ನ ಕೋಣೆಯಲ್ಲೇ ಹುಳು ಸಾಕಿದೆ. ಮೂರನೇ ಜ್ವರದಲ್ಲಿ ಹದಿನೇಳು ಹುಳು ಏಳಲಿಲ್ಲ. ಹೆಕ್ಕಲು ಬೆರಳು ಚಾಚಿದೆ, ಆಗಲಿಲ್ಲ. ಅಲ್ಲೇ ಬಿಟ್ಟೆ. ನಾಲ್ಕು ದಿನದಲ್ಲಿ ಇಡೀ ತಟ್ಟೆ ಕಪ್ಪಗಾಗಿ ನಾರಿತು. ಹುಳುವಿನ ವಿಷಯದಲ್ಲೂ ಅವಳು ಹೇಳಿದ್ದೇ ಸರಿಯಾಗಿತ್ತು.

ಗೋಡೆಯ ಪಟ್ಟಿಗಳನ್ನು ನಾನೇ ಕೆರೆದು ತೆಗೆದೆ. ಮರಿಮಲ್ಲಪ್ಪನವರು ಏನೂ ಕೇಳದೆ ಹಳೆಯ ಕ್ರಮವನ್ನೇ ಮತ್ತೆ ತಂದರು. ಮುಂದಿನ ಮೂರು ಬೆಳೆಗೂ ಮೊದಲ ಹಾಳೆ ಸಣ್ಣಮ್ಮನ ಹೆಸರಿಗೆ ಎತ್ತಿಟ್ಟು, ಕಾದು, ಬೇರೆಯವರಿಗೆ ಕೊಟ್ಟರು. ಅವಳು ಬರಲೇ ಇಲ್ಲ. ನೀಲಗಿರಿಗೆ ಎರಡು ಸಲ ಹೋಗಿ ತೋಟ ತೋಟ ಅಲೆದೆ. ಇನ್ನೂರು ತೋಟ ಅಂತ ಎಲ್ಲರಿಗೂ ಹೇಳುತ್ತೇನೆ. ಐದು.

ಐವತ್ತೊಂಬತ್ತರಲ್ಲಿ ಯಾವುದೋ ಕೆಲಸಕ್ಕೆ ಊಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಪಕ್ಕದವನಿಗೆ ಎಂದಿನಂತೆ ಕೊರೆಯುತ್ತಿದ್ದೆ: ಈ ರಸ್ತೆಗೆ ಟಾರು ಬಂದದ್ದು ನನ್ನ ಅರ್ಜಿಯಿಂದ, ಈ ಸಾಲುಮರಗಳ ಅಳತೆಗೆ ಹಗ್ಗ ಹಿಡಿದವನು ನಾನು. ಹಂಗಳ ದಾಟಿತು. ಹಿಪ್ಪುನೇರಳೆ ಕಡಿಯುವವರಿಲ್ಲದೆ ಮರವಾಗಿ ಬೆಳೆದು ನಿಂತಿದ್ದ ಕಡೆ ಕಂಡಕ್ಟರು ಸೀಟಿ ಊದಿ ಕೂಗಿದ:

"ಅಳಿವಿನ ಮನೇ! ಅಳಿವಿನ ಮನೆ ಇಳಿಯೋರು ಬನ್ನಿ!"

ಪಕ್ಕದವನು ಕಿಟಕಿಯಿಂದ ಬಗ್ಗಿ ನೋಡಿ ನಕ್ಕ. "ಎಂಥ ಹೆಸರು ಸ್ವಾಮಿ! ಯಾರಿಟ್ಟದ್ದೋ?"

ಈ ಸೀಮೆಯಲ್ಲಿ ನಾನು ಮಾಡಿದ್ದರಲ್ಲಿ ಉಳಿದದ್ದು ಆ ಹೆಸರೊಂದೇ. ಬಸ್ಸು ಹೊರಡುವವರೆಗೂ ಕನ್ನಡಕ ಒರೆಸುತ್ತ ಕೂತೆ.